ಇಕ್ಕಳಕ್ಕೆ ಎದೆನೋವು

"ರೋಗಿಗಳು ಎಲ್ಲೋ?"

ಪಿಸ್ತೂಲಿನ ಮೂತಿ ನನ್ನ ಪಕ್ಕೆಲುಬಿಗೆ ಒತ್ತುತ್ತಿತ್ತು. ತಣ್ಣಗಿತ್ತು. ನನ್ನ ಬೆನ್ನು ಅದಕ್ಕಿಂತ ತಣ್ಣಗಾಗಿತ್ತು!

"ಬರ್ತಿದಾರೆ..."

"ಯಾವಾಗ? ಸತ್ತ ಮೇಲಾ? ಆಸ್ಪತ್ರೆ ರೆಡಿ. ಡಾಕ್ಟ್ರು ರೆಡಿ. ಮಂತ್ರಿಗಳು ರೆಡಿ. ರೋಗಿಗಳೇ ಇಲ್ಲ! ಆಯೋಗದ ಕಾರು ಸೇತುವೆ ದಾಟಿ ಆಯ್ತು ಕಣೋ. ಅವರಿಗಿಂತ ಮುಂಚೆ ನಿನ್ನ ಜನ ಬರಲಿಲ್ಲ ಅಂದ್ರೆ ಮೊದಲ್ನೇ ಬೆಡ್ಡಿಗೆ ನೀನೇ. ಅದೂ ನಿಜವಾದ ರೋಗಿ!"

ಹೆದರಬೇಡಿ ಸ್ವಾಮಿ. ನಾನು ಬದುಕಿದ್ದೇನೆ. ಇಲ್ಲದಿದ್ದರೆ ನಿಮ್ಮೆದುರು ಕೂತು ಈ ಕತೆ ಹೇಳುತ್ತಿರುವವರು ಯಾರು?

ಪಿಸ್ತೂಲು ಹಿಡಿದಿದ್ದವನ ಅಡ್ಡಹೆಸರು ಬೀಗ. ಮಂತ್ರಿಗಳ ಬಲಗೈ. ಬಾಯಿ ಬಿಡುವವರ ಬಾಯಿ ಮುಚ್ಚಿಸುವುದೇ ಅವನ ಕಸುಬು.

ನನ್ನ ಕಸುಬು ಜನ ಸಪ್ಲೈ.

ಸಭೆಗೆ ಜನ ಬೇಕೇ? ನನ್ನನ್ನು ಕೇಳಿ. ಮೆರವಣಿಗೆಗೆ? ನಾನೇ. ಧರಣಿಗೆ? ನಾನೇ. ಆ ಧರಣಿಯ ವಿರುದ್ಧ ಇನ್ನೊಂದು ಧರಣಿಗೆ? ಅದಕ್ಕೂ ನಾನೇ! ಬೆಳಿಗ್ಗೆ ಆಡಳಿತ ಪಕ್ಷಕ್ಕೆ ಜೈ ಅಂದವರು ಮಧ್ಯಾಹ್ನ ವಿರೋಧ ಪಕ್ಷಕ್ಕೆ ಜೈ ಅನ್ನುತ್ತಾರೆ. ಬಾವುಟ ಬದಲಿಸಲು ಊಟದ ಬಿಡುವು ಸಾಕು. ಊರಿನಲ್ಲಿ ನನಗೆ ಸಪ್ಲೈ ಎಂದೇ ಹೆಸರು.

ಆದರೆ ರೋಗಿಗಳನ್ನು ಸಪ್ಲೈ ಮಾಡಿದ್ದು ಅದೇ ಮೊದಲು.

ಅದು ಮುನ್ನೂರು ಹಾಸಿಗೆಗಳ ದೊಡ್ಡಾಸ್ಪತ್ರೆ. ಉದ್ಘಾಟನೆಯಾಗಿ ವರ್ಷಗಳೇ ಕಳೆದಿದ್ದವು. ಗೋಡೆಯಿತ್ತು. ಬಣ್ಣವಿತ್ತು. ಮಂತ್ರಿಗಳ ಹೆಸರು ಕೆತ್ತಿದ ಕಲ್ಲಿತ್ತು. ಲಿಫ್ಟಿನ ಬಾಗಿಲಿತ್ತು... ಲಿಫ್ಟ್ ಇರಲಿಲ್ಲ! ಬಾಗಿಲನ್ನು ತಂದು ಗೋಡೆಗೆ ಹೊಡೆದಿದ್ದರು ಅಷ್ಟೇ. ಆಮ್ಲಜನಕದ ಪೈಪು ಒಂದು ಗೋಡೆಯಲ್ಲಿ ಹೊರಟು ಇನ್ನೊಂದು ಗೋಡೆಯಲ್ಲಿ ಮುಗಿಯುತ್ತಿತ್ತು. ಡಾಕ್ಟರು ಬಂದಿರಲಿಲ್ಲ. ನರ್ಸು ಬಂದಿರಲಿಲ್ಲ. ದುಡ್ಡು ಮಾತ್ರ ಬಂದಿತ್ತು. ಅದು ಎಲ್ಲಿಗೆ ಹೋಯಿತು ಎಂದು ನೋಡಲು ಸರ್ಕಾರ ಆಯೋಗ ನೇಮಿಸಿತ್ತು.

ಆಯೋಗದ ಅಧ್ಯಕ್ಷೆ ಒಬ್ಬ ನಿವೃತ್ತ ನ್ಯಾಯಾಧೀಶೆ. ರಸ್ತೆ ಹಗರಣ ಅವರದೇ ತನಿಖೆ. ಬಿತ್ತನೆ ಬೀಜದ ಹಗರಣ ಅವರದೇ. ಶಾಲೆ ಬೆಂಚುಗಳ ಹಗರಣವೂ ಅವರದೇ. ಎಷ್ಟೋ ಮಂತ್ರಿಗಳ ಹೆಸರಿನ ಮುಂದೆ 'ಮಾಜಿ' ಸೇರಿಸಿದ ಮಹಾತಾಯಿ. ಹಿಡಿದರೆ ಬಿಡುವುದಿಲ್ಲ ಎಂದು ಎಲ್ಲ ಪಕ್ಷದವರೂ ಒಮ್ಮತದಿಂದ ಇಟ್ಟ ಹೆಸರು... ಇಕ್ಕಳ!

ಆ ಇಕ್ಕಳ ಅಂದು ಆಸ್ಪತ್ರೆ ನೋಡಲು ಬರುತ್ತಿತ್ತು.

ಕೊನೆಗೂ ಹಿಂದಿನ ಗೇಟಿನಲ್ಲಿ ನನ್ನ ಬಸ್ಸು ಕಾಣಿಸಿತು! ಮೊದಲು ಇಳಿದವಳು ನನ್ನ ಅಕ್ಕ. ಜನರನ್ನು ಕೂಡಿಸುವುದು, ಬೈಯುವುದು, ಊಟ ಹಾಕಿಸುವುದು ಎಲ್ಲ ಅವಳದೇ ಮೇಸ್ತ್ರಿಕೆ.

"ಟೈರ್ ಪಂಕ್ಚರ್ ಕಣೋ. ಇವನ್ಯಾರೋ, ಪಿಸ್ತೂಲು ಹಿಡ್ಕೊಂಡು? ಏಯ್, ಒಳಗಿಡು ಅದನ್ನ! ರೋಗಿಗಳಿರೋ ಜಾಗ!"

ಬೀಗ ತಬ್ಬಿಬ್ಬಾಗಿ ಒಳಗಿಟ್ಟ!

ವಾರ್ಡಿನಲ್ಲಿ ಬಾಡಿಗೆ ಮಂಚಗಳು ಸಾಲಾಗಿ ಕಾದಿದ್ದವು. ಎಲ್ಲರನ್ನೂ ಓಡಿಸಿ ಮಲಗಿಸಿದೆವು. ಒಬ್ಬನ ತಲೆಗೆ ಬ್ಯಾಂಡೇಜು. ಇನ್ನೊಬ್ಬನ ಮುರಿದ ಕೈಗೆ ಜೋಳಿಗೆ. ಅಕ್ಕನ ಕಾಲಿಗೆ ಪ್ಲಾಸ್ಟರು. ಅಷ್ಟರಲ್ಲಿ ಮೂಲೆಯಲ್ಲಿ ಜಗಳ!

"ಅವನಿಗೆ ಹಾರ್ಟು, ನನಗೆ ಮೂಲವ್ಯಾಧಿ! ಯಾಕ್ರೀ? ನಾನೇನು ಅಷ್ಟು ಕಡಿಮೆನಾ?"

"ಮುಂದಿನ ಸಲ ನಿನಗೇ ಹಾರ್ಟ್ ಕೊಡ್ತೀನಿ. ಈಗ ಮಲಗಪ್ಪಾ!"

ಬಾಗಿಲಲ್ಲಿ ಬಿಳಿ ಕೋಟು ಕಾಣಿಸಿತು. ನಮ್ಮ ಮುಖ್ಯ ವೈದ್ಯರು! ನಾಟಕ ಕಂಪನಿಯ ಹಳೇ ನಟ. ಜನ ಅವರನ್ನು ಡೈಲಾಗ್ ಎನ್ನುತ್ತಾರೆ. ಜೀವಮಾನವೆಲ್ಲ ಖಳನಾಯಕನ ಪಾತ್ರ ಮಾಡಿದವರು.

"ಸಪ್ಲೈ... ಈ ಪಾತ್ರದ ಒಳತೋಟಿ ಏನು?"

"ಒಳತೋಟಿ ಗೀಳತೋಟಿ ಏನೂ ಇಲ್ಲ ಸಾರ್. ತಲೆ ಆಡಿಸಿ, ಸಾಕು. ಬಾಯಿ ಬಿಡಬೇಡಿ!"

ಹೊರಗೆ ಕಾರಿನ ಬಾಗಿಲು ಬಡಿದ ಸದ್ದು.

ಇಕ್ಕಳ ಬಂದರು!

ಸಣ್ಣ ಮೈಯ ಹೆಂಗಸು. ಬಿಳಿ ಕೂದಲು. ದಪ್ಪ ಕನ್ನಡಕ. ಜೊತೆಗೆ ಇಬ್ಬರು ತನಿಖಾಧಿಕಾರಿಗಳು. ಮಂತ್ರಿಗಳು ಮುಖದ ತುಂಬ ನಗು ತಂದುಕೊಂಡು ಅಧಿಕಾರಿಗಳಿಬ್ಬರನ್ನೂ ಕೆಳಗೇ ಕಾಫಿಗೆ ಕೂರಿಸಿದರು. ಪತ್ರಕರ್ತರನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು.

"ಲಿಫ್ಟು?" ಮೇಡಂ ಕೇಳಿದರು.

"ರಿಪೇರಿ ಮೇಡಂ. ಇವತ್ತೇ ಕೆಟ್ಟಿತು ನೋಡಿ..."

"ಪರವಾಗಿಲ್ಲ. ಹತ್ತೋಣ."

ಹತ್ತಿದರು ಸ್ವಾಮಿ! ಎಲ್ಲ ಮಹಡಿಗಳನ್ನೂ! ಬಾಗಿಲು ತೆಗೆದರೆ ಖಾಲಿ ಕೋಣೆ. "ಬಣ್ಣ ಹೊಡೀತಿದೀವಿ ಮೇಡಂ." ಇನ್ನೊಂದು ಬಾಗಿಲು, ಇನ್ನೊಂದು ಖಾಲಿ ಕೋಣೆ. "ಇಲ್ಲಿ ಒಣಗ್ತಾ ಇದೆ ಮೇಡಂ." ಮೇಡಂ ಮುಂದಿನ ಬಾಗಿಲಿಗೆ ನಡೆದರು. ಇಳಿದು ಮೊದಲ ಮಹಡಿಯ ವಾರ್ಡಿಗೆ ಬಂದಾಗ ಅವರ ಹಣೆಯಲ್ಲಿ ಬೆವರು ಸುರಿಯುತ್ತಿತ್ತು. ನನಗೂ ಸುರಿಯುತ್ತಿತ್ತು, ಆದರೆ ಅದು ಮೆಟ್ಟಿಲು ಹತ್ತಿ ಬಂದ ಬೆವರಲ್ಲ.

ವಾರ್ಡಿನಲ್ಲಿ ಎಲ್ಲ ಸರಿಯಿತ್ತು. ನರಳುವವರು ನರಳುತ್ತಿದ್ದರು. ಪ್ರಜ್ಞೆ ಇಲ್ಲದವನು ಪ್ರಜ್ಞೆ ಇಲ್ಲದೆ ಬಿದ್ದಿದ್ದ. ನಾನು ಉಸಿರು ಬಿಟ್ಟೆ.

ಆಗ ಮಂತ್ರಿಗಳು ಒಂದು ತಪ್ಪು ಮಾಡಿದರು. ಅಭ್ಯಾಸ ಬಲ! ವಾರ್ಡಿನ ನಡುವೆ ನಿಂತು, ಕೈಯೆತ್ತಿ, ಗಂಟಲು ಸರಿಮಾಡಿಕೊಂಡರು.

"ಈ ಆಸ್ಪತ್ರೆ ನನ್ನದಲ್ಲ... ನಿಮ್ಮದು!"

ನನ್ನ ಜನಕ್ಕೆ ಅಷ್ಟು ಸಾಕಾಗಿತ್ತು. ಅವರ ಅಭ್ಯಾಸ ಬಲವೇನು ಕಡಿಮೆಯೇ?

ಇಡೀ ವಾರ್ಡು ಎದ್ದು ಕೂತು ಚಪ್ಪಾಳೆ ತಟ್ಟಿತು! ಕೈ ಮುರಿದವನು ಎರಡೂ ಕೈಯಲ್ಲಿ ತಟ್ಟಿದ! ಪ್ರಜ್ಞೆ ಇಲ್ಲದವನು ಮುಷ್ಟಿ ಎತ್ತಿ ಕೂಗಿದ:

"ಬಡವರ ಬಂಧುವಿಗೆ..."

"ಜಯವಾಗಲಿ!"

ನಾನು ಕಣ್ಣು ಮುಚ್ಚಿಕೊಂಡೆ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆ ಕಟ್ಟಡದ ಗುಣಮಟ್ಟ ನೋಡಿದರೆ ಬಿಟ್ಟರೂ ಬಿಡಬಹುದಿತ್ತು.

"ಪರವಾಗಿಲ್ಲ ಮಂತ್ರಿಗಳೇ," ಮೇಡಂ ತಣ್ಣಗೆ ಹೇಳಿದರು. "ನಿಮ್ಮ ರೋಗಿಗಳು ಒಳ್ಳೆ ಉತ್ಸಾಹದಲ್ಲಿದ್ದಾರೆ."

ಮಂತ್ರಿಗಳು ಇಂಗು ತಿಂದ ಮಂಗನ ಹಾಗೆ ನಿಂತರು.

ಮೇಡಂ ಇನ್ನೊಂದು ಹೆಜ್ಜೆ ಇಟ್ಟರು. ನಿಂತರು. ಎಡಗೈಯಿಂದ ಮಂಚದ ಕಂಬಿ ಹಿಡಿದರು. ಬಲಗೈ ಎದೆಗೆ ಹೋಯಿತು.

"ಅಯ್ಯೋ..."

ಕುಸಿದುಬಿದ್ದರು!

ಅಕ್ಕನೇ ಮೊದಲು ಹಾರಿದ್ದು. ಪ್ಲಾಸ್ಟರು ಹಾಕಿದ ಕಾಲಲ್ಲೇ! ತಲೆ ಹಿಡಿದು, ತನ್ನ ಮಂಚದ ಮೇಲೆ ಮಲಗಿಸಿದಳು.

"ಡಾಕ್ಟ್ರೇ! ಬನ್ನಿ ಬೇಗ!"

ಎಲ್ಲರೂ ಡೈಲಾಗ್ ಕಡೆ ತಿರುಗಿದರು. ಆ ಮನುಷ್ಯ ಬಿಳಿಚಿಕೊಂಡಿದ್ದರು. ನನ್ನ ಕಿವಿಯಲ್ಲಿ ಪಿಸುಗುಟ್ಟಿದರು:

"ಸಪ್ಲೈ... ಇದು ನಾಟಕದಲ್ಲಿ ಇರಲಿಲ್ಲ!"

"ಇಲ್ಲಿಂದ ಸಾಗಿಸ್ಬೇಕು ಸಾರ್," ನಾನು ಮಂತ್ರಿಗಳಿಗೆ ಹೇಳಿದೆ. "ಪಕ್ಕದ ಊರಿನ ಆಸ್ಪತ್ರೆಗೆ. ಈಗಲೇ!"

"ಹುಚ್ಚಾ ನಿಂಗೆ? ಗೇಟಲ್ಲಿ ಪೇಪರಿನವರಿದಾರೆ! ನನ್ನ ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಹೊತ್ಕೊಂಡು ಹೋದ್ರೆ ನನ್ನ ಕತೆ ಏನು?"

"ಇಲ್ಲಿ ಒಂದು ಮಾತ್ರೆನೂ ಇಲ್ಲ ಸಾರ್!"

ಮಂತ್ರಿಗಳು ಮಂಚದ ಮೇಲಿನ ಜೀವವನ್ನು ನೋಡಿದರು. ಮುಖದಲ್ಲಿ ನಿಧಾನವಾಗಿ ಒಂದು ನಗು ಬಂತು. ನನ್ನ ಹೆಗಲ ಮೇಲೆ ಕೈ ಹಾಕಿದರು. ದನಿ ಜೇನಾಯಿತು.

"ಯೋಚನೆ ಮಾಡೋ ಸಪ್ಲೈ. ಇಲ್ಲೇ ಮಲಗಿರಲಿ. ಉಳಿದ್ರೆ, ನನ್ನ ಆಸ್ಪತ್ರೆ ಉಳಿಸ್ತು. ಹೋದ್ರೆ... ಆಯೋಗನೂ ಜೊತೆಗೆ ಹೋಗುತ್ತೆ. ಹಾವೂ ಸಾಯುತ್ತೆ, ಕೋಲೂ ಮುರಿಯಲ್ಲ. ಶ್ರದ್ಧಾಂಜಲಿ ಸಭೆ ಭರ್ಜರಿಯಾಗಿ ಮಾಡೋಣ. ಜನ ನೀನೇ ಸಪ್ಲೈ ಮಾಡು."

ಬೀಗನಿಗೆ ಕಣ್ಣಲ್ಲೇ ಹೇಳಿದರು. ಬೀಗ ವಾರ್ಡಿನ ಬಾಗಿಲಲ್ಲಿ ನಿಂತ. ಮಂತ್ರಿಗಳು ಕೂದಲು ಸರಿಮಾಡಿಕೊಂಡು ಪತ್ರಕರ್ತರ ಕಡೆ ಇಳಿದುಹೋದರು.

ನಾನು ಸಾಚಾ ಮನುಷ್ಯ ಅಲ್ಲ ಸ್ವಾಮಿ. ಎಂಥೆಂಥ ಸಭೆಗೆ ಜನ ಕಳಿಸಿದ್ದೇನೆ. ಆದರೆ ಬದುಕಿರುವವರ ಶ್ರದ್ಧಾಂಜಲಿಗೆ ಯಾವತ್ತೂ ಕಳಿಸಿರಲಿಲ್ಲ. ಅಕ್ಕ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು.

"ಅಮ್ಮನ್ನೂ ಹೀಗೇ ಕಳ್ಕೊಂಡ್ವಲ್ಲೋ... ಊರಲ್ಲಿ ಆಸ್ಪತ್ರೆ ಇಲ್ಲದೇ, ದಾರಿಯಲ್ಲೇ. ಈಗ ಆಸ್ಪತ್ರೆ ಒಳಗೇ ಒಬ್ಬರನ್ನ ಸಾಯಿಸ್ತೀಯಾ?"

ಇಲ್ಲ.

"ಹಿಡೀರೋ ಮಂಚಾನ!" ಕೂಗಿದೆ.

ನಾಲ್ವರು ರೋಗಿಗಳು ಹಾರಿಬಂದರು. ಮಂಚ ಎದ್ದಿತು. ನೇರವಾಗಿ ಹೆಗಲಿಗೆ!

"ಹೆಗಲ ಮೇಲೆ ಬೇಡ್ರೋ! ಇನ್ನೂ ಬದುಕಿದಾರೆ! ಕೈಯಲ್ಲಿ!"

ಹಿಂದಿನಿಂದ ಯಾವನೋ ಅಭ್ಯಾಸ ಬಲದಿಂದ ಶುರು ಮಾಡಿದ: "ಅಗಲಿದ ನಾಯಕಿಗೆ..."

"ಬಾಯ್ಮುಚ್ಚೋ!" ಅಕ್ಕ ಗುಡುಗಿದಳು.

ಬೀಗ ಪಿಸ್ತೂಲು ತೆಗೆದ. "ಇಳಿಸು ಕೆಳಗೆ!"

ಆಗ ನಡುವೆ ಬಂದು ನಿಂತವರು ಯಾರು ಗೊತ್ತೇ? ಡೈಲಾಗ್! ಎದೆ ಉಬ್ಬಿತ್ತು. ಇಷ್ಟು ಹೊತ್ತು ಅದುಮಿಟ್ಟಿದ್ದ ದನಿ ವಾರ್ಡಿನ ಗಾಜು ನಡುಗಿಸಿತು.

"ನಿಲ್ಲು, ಮೂಢ! ಈ ಎದೆಗೆ ಗುರಿಯಿಡು! ಸಾವಿರ ಸಲ ರಂಗದ ಮೇಲೆ ಸತ್ತವನು ನಾನು... ಇನ್ನೊಮ್ಮೆ ಸಾಯಲು ಹೆದರುವೆನೇ?"

ಬೀಗ ಬಾಯಿ ತೆರೆದು ನಿಂತ. ಜೀವನದಲ್ಲಿ ಯಾರೂ ಅವನ ಜೊತೆ ಹಾಗೆ ಮಾತಾಡಿರಲಿಲ್ಲ. ಅಷ್ಟು ಹೊತ್ತಿನಲ್ಲಿ ಮಂಚ ಹಿಂಬಾಗಿಲು ದಾಟಿ ಇಳಿಜಾರಿಗೆ ಬಂದಿತ್ತು. ಅವನು ಡೈಲಾಗ್‌ರನ್ನು ತಳ್ಳಿ ಹಿಂದೆ ಓಡಿಬಂದ. ನನ್ನ ಹತ್ತಿರ ಉಳಿದಿದ್ದು ಒಂದೇ ಅಸ್ತ್ರ.

"ರಸ್ತೆ ತಡೆ!"

ಆ ಮಾತು ಕೇಳಿದ್ದೇ ತಡ, ಉಳಿದ ರೋಗಿಗಳೆಲ್ಲ ಕಾರಿಡಾರಿನ ಉದ್ದಕ್ಕೂ ದಬದಬನೆ ಮಲಗಿಬಿಟ್ಟರು! ಪೊಲೀಸ್ ಪಡೆಯೇ ಎಬ್ಬಿಸಲಾಗದ ಜನ ಸ್ವಾಮಿ, ಒಬ್ಬ ಬೀಗನಿಂದ ಆದೀತೇ? ಮೂಲವ್ಯಾಧಿಯವನು ಅವನ ಎರಡೂ ಕಾಲು ತಬ್ಬಿ ಹಿಡಿದ. "ಬೇಡಿಕೆ ಈಡೇರುವ ತನಕ ಬಿಡಲ್ಲ!"

ಕೆಳಗೆ ನಮ್ಮ ಆಂಬುಲೆನ್ಸ್ ನಿಂತಿತ್ತು. ಆಂಬುಲೆನ್ಸ್ ಅಂದರೆ ತರಕಾರಿ ವ್ಯಾನು. ಬಿಳಿ ಬಣ್ಣ, ಮೇಲೊಂದು ಕೆಂಪು ದೀಪ. ಒಳಗೆಲ್ಲ ಈರುಳ್ಳಿ ವಾಸನೆ. ಮೇಡಂರನ್ನು ಒಳಗೆ ಮಲಗಿಸಿದೆವು. ಅಕ್ಕ ಪಕ್ಕದಲ್ಲಿ ಕೂತಳು. ನಾನು ಸ್ಟೀರಿಂಗ್ ಹಿಡಿದೆ.

ಹಿಂದಿನ ಗೇಟು ಮುರಿದುಕೊಂಡೇ ಹೊರಟೆ!

"ಉಸಿರಾಡ್ತಿದಾರಾ ಅಕ್ಕಾ?"

"ಆಡ್ತಿದಾರೆ... ಬೇಗ ಹೋಗೋ!"

ಕನ್ನಡಿಯಲ್ಲಿ ಬೀಗನ ಜೀಪು ಕಾಣಿಸಿತು. ಹೇಗೋ ಬಿಡಿಸಿಕೊಂಡು ಬಂದಿದ್ದ!

ಸಂತೆ ಬೀದಿಗೆ ತಿರುಗಿಸಿದೆ. ಬುಟ್ಟಿಗಳು ಹಾರಿದವು. ಬೈಗುಳಗಳೂ ಹಾರಿದವು. ಗಲ್ಲಿಗೆ ನುಗ್ಗಿದೆ. ಒಣಗಲು ಹಾಕಿದ್ದ ಲಂಗವೊಂದು ಗಾಜಿಗೆ ಅಂಟಿಕೊಂಡಿತು. ಅರ್ಧ ಗಲ್ಲಿ ಕಣ್ಣು ಕಾಣದೆ ಓಡಿಸಿದೆ! ಢಮ್! ಗುಂಡು ಕೆಂಪು ದೀಪವನ್ನು ಚೂರು ಮಾಡಿತು.

"ಅಮ್ಮಾ, ಕಣ್ಣು ಬಿಡಿ ಅಮ್ಮಾ," ಹಿಂದೆ ಅಕ್ಕ ಅಳುತ್ತಿದ್ದಳು. "ಇನ್ನೇನು ಬಂತು. ನಮ್ಮಮ್ಮನ ಹಾಗೆ ಮಾಡ್ಬೇಡಿ. ತಡ್ಕೊಳಿ..."

ಗಲ್ಲಿ ಮುಗಿಯಿತು. ಮುಖ್ಯರಸ್ತೆ. ಇನ್ನೊಂದು ತಿರುವು ದಾಟಿದರೆ ಪಕ್ಕದ ಊರಿನ ದಾರಿ...

ರೈಲ್ವೆ ಗೇಟು ಹಾಕಿತ್ತು!

ಬ್ರೇಕ್ ಒತ್ತಿದೆ. ಮುಂದೆ ಲಾರಿ, ಬಸ್ಸು, ಬೈಕು. ಹಿಂದೆ ಜೀಪು. ಬೀಗ ಇಳಿದು ನಿಧಾನವಾಗಿ ನಡೆದುಬಂದ. ಪಿಸ್ತೂಲನ್ನು ಅಂಗಿಯ ಅಡಿಯಲ್ಲಿ ಹಿಡಿದಿದ್ದ. ವ್ಯಾನಿನ ಹಿಂಬಾಗಿಲಿಗೆ ಕೈ ಹಾಕಿದ. ನಾನು ಜಾಕ್ ರಾಡು ಹಿಡಿದು ಇಳಿದೆ.

"ಬೀಗಾ, ಬಿಟ್ಬಿಡೋ. ವಯಸ್ಸಾದ ಜೀವ ಕಣೋ."

"ವಾಪಸ್ ಕರ್ಕೊಂಡು ಬಾ ಅಂದಿದಾರೆ. ಜೀವ ಇದ್ರೂ ಸರಿ, ಇಲ್ದಿದ್ರೂ ಸರಿ."

ಬಾಗಿಲು ಎಳೆದ.

ಒಳಗೆ ಮೇಡಂ ಎದ್ದು ಕೂತಿದ್ದರು. ಕನ್ನಡಕ ಒರೆಸಿಕೊಳ್ಳುತ್ತಿದ್ದರು!

"ಜೀವ ಇದೆಯಪ್ಪಾ," ಅಂದರು. "ಇವರ ಡ್ರೈವಿಂಗಿಗೆ ಹೋಗ್ಬೇಕಾಗಿತ್ತು. ಹೇಗೋ ಉಳಿದಿದೆ."

ಬೀಗನ ಮುಖ ನೋಡಬೇಕಿತ್ತು ಸ್ವಾಮಿ! ಪಿಸ್ತೂಲು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದ! ಅಷ್ಟರಲ್ಲಿ ಅವನ ಹಿಂದಿನಿಂದ ಎರಡು ಕೈಗಳು ಬಂದು ಪಿಸ್ತೂಲು ಕಿತ್ತುಕೊಂಡವು. ಕಾಫಿಗೆ ಕೂತಿದ್ದ ಇಬ್ಬರು ತನಿಖಾಧಿಕಾರಿಗಳು! ಒಬ್ಬರ ಮೀಸೆಯಲ್ಲಿ ಇನ್ನೂ ಕಾಫಿಯ ನೊರೆಯಿತ್ತು.

"ಎದೆನೋವು... ಮೇಡಂ?" ನಾನು ತೊದಲಿದೆ.

"ಯಾವ ಎದೆನೋವು? ಮೂವತ್ತು ವರ್ಷದಿಂದ ಇದೇ ಕೆಲಸ ನಂದು. ರಸ್ತೆ ಮಂತ್ರಿನ ಹಿಡಿಯೋಕೆ ಹೋದೆ, ಎದೆನೋವು. ಬೀಜದ ಮಂತ್ರಿ, ಎದೆನೋವು. ಬೆಂಚಿನ ಮಂತ್ರಿ, ಎದೆನೋವಿನ ಜೊತೆ ತಲೆಸುತ್ತು! ಎಲ್ಲರೂ ನನ್ನ ಕಣ್ಣೆದುರೇ ಬಿದ್ದವರು. ಕೈ ಎಲ್ಲಿಡ್ಬೇಕು, ಹೇಗೆ ಕುಸೀಬೇಕು, ಎಲ್ಲಾ ಬಾಯಿಪಾಠ. ಅವರು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ. ಆಸ್ಪತ್ರೆನ ಪರೀಕ್ಷೆ ಮಾಡೋಕೆ ಕಾಯಿಲೆಗಿಂತ ಒಳ್ಳೆ ದಾರಿ ಯಾವುದು?"

"ಅಷ್ಟು ಬೆವರು?"

"ನಿಮ್ಮ ಲಿಫ್ಟಿನ ಪುಣ್ಯ. ನನ್ನನ್ನ ಹೊತ್ಕೊಂಡು ಹೋದ್ರೆ ಸುಮ್ನೆ ಹಿಂದೆ ಬನ್ನಿ ಅಂತ ಇವರಿಗೆ ಮೊದಲೇ ಹೇಳಿದ್ದೆ. ನಿಮ್ಮ ಮಂತ್ರಿಗಳ ಮಾತೂ ಕೇಳಿಸ್ತು. ಮುಚ್ಚಿದ್ದು ಕಣ್ಣು, ಕಿವಿ ಅಲ್ಲ."

ಅಕ್ಕನಿಗೆ ಈಗ ಸಿಟ್ಟು ನೆತ್ತಿಗೇರಿತ್ತು.

"ಏನ್ರಮ್ಮಾ ಇದು? ನನ್ನ ಜೀವ ಬಾಯಿಗೆ ಬಂದಿತ್ತು! ದಾರಿಯುದ್ದಕ್ಕೂ ಅತ್ತಿದೀನಿ! ದೊಡ್ಡವರು ಆಡೋ ಆಟನಾ ಇದು?"

ಮೇಡಂ ಹತ್ತಿರ ಸರಿದರು. ಅಕ್ಕನ ಕೈ ಹಿಡಿದುಕೊಂಡರು.

"ತಪ್ಪಾಯ್ತಮ್ಮ. ನಿಮ್ಮಮ್ಮನ ವಿಷಯ ಹೇಳ್ತಿದ್ರಲ್ಲ... ಆಗಲೇ ಎದ್ದು ಕೂರ್ಬೇಕು ಅನಿಸಿತ್ತು. ಹಿಂದೆ ಇವನು ಗುಂಡು ಹೊಡೀತಿದ್ದ. ಮಲಗಿರೋದೇ ವಾಸಿ ಅಂದ್ಕೊಂಡೆ."

ಅಕ್ಕ ಮೂಗು ಒರೆಸಿಕೊಂಡಳು. ನಕ್ಕಳು. ಆಮೇಲೆ ಮತ್ತೆ ಅತ್ತಳು. ನಾನೂ ಕಣ್ಣು ಒರೆಸಿಕೊಂಡೆ. ಈರುಳ್ಳಿ ವಾಸನೆ ಇತ್ತು ಸ್ವಾಮಿ, ಅದರಿಂದ ಅಲ್ಲ.

"ನೀವು ಸಾಕ್ಷಿ ಹೇಳ್ಬೇಕಾಗುತ್ತೆ," ಮೇಡಂ ನನ್ನ ಕಡೆ ತಿರುಗಿದರು. "ನಿಮ್ಮ ಮೇಲೂ ಕೇಸ್ ಹಾಕ್ತೀನಿ. ಹೊತ್ಕೊಂಡು ಓಡಿದ್ದನ್ನೂ ಅದರಲ್ಲಿ ಬರೀತೀನಿ."

"ಹೇಳ್ತೀನಿ ಮೇಡಂ."

ಅಧಿಕಾರಿಗಳು ಬೀಗನನ್ನು ತಮ್ಮ ಕಾರಿಗೆ ಹತ್ತಿಸಿದರು. ವ್ಯಾನು ವಾಪಸ್ ತಿರುಗಿತು.

ಆಸ್ಪತ್ರೆಯ ಮುಂದೆ ಮಂತ್ರಿಗಳು ಪತ್ರಕರ್ತರ ನಡುವೆ ನಿಂತಿದ್ದರು. ನಾವು ಹೊರಟಿದ್ದು ಅವರಿಗೆ ತಿಳಿದಿತ್ತು. ಆದರೆ ಬೀಗನ ಮೇಲೆ ಅವರಿಗೆ ಅಪಾರ ನಂಬಿಕೆ!

"ಮೇಡಂ ಐಸಿಯುನಲ್ಲಿದಾರೆ," ದನಿಯಲ್ಲಿ ಜೇನು. "ನಮ್ಮ ವೈದ್ಯರ ತಂಡ ನೋಡ್ಕೊಳ್ತಿದೆ. ಈಗಷ್ಟೇ ಮಾತಾಡಿಸಿ ಬಂದೆ. ಎಂಥಾ ಆಸ್ಪತ್ರೆ ಕಟ್ಟಿದೀರಿ ಅಂತ ನನ್ನ ಕೈ ಹಿಡ್ಕೊಂಡು ಕಣ್ಣೀರು ಹಾಕಿದ್ರು..."

"ಆಮೇಲೆ ಏನಂದೆ ನಾನು?"

ಪತ್ರಕರ್ತರೆಲ್ಲ ಹಿಂದಕ್ಕೆ ತಿರುಗಿದರು. ಕ್ಯಾಮೆರಾಗಳೂ ತಿರುಗಿದವು. ತರಕಾರಿ ವ್ಯಾನಿನಿಂದ ಮೇಡಂ ಇಳಿಯುತ್ತಿದ್ದರು. ಸೀರೆಗೆ ಅಂಟಿದ್ದ ಈರುಳ್ಳಿ ಸಿಪ್ಪೆ ಕೊಡವಿಕೊಂಡರು.

ಮಂತ್ರಿಗಳ ಬಾಯಿ ತೆರೆದೇ ಇತ್ತು. ಅಧಿಕಾರಿಗಳು ಎರಡೂ ಕಡೆ ಬಂದು ನಿಂತರು.

"ನಮ್ಮ ಜೊತೆ ಬರ್ಬೇಕು ಸಾರ್."

ಮಂತ್ರಿಗಳು ಒಂದು ಕ್ಷಣ ಯೋಚಿಸಿದರು. ಬಲಗೈ ಮೆಲ್ಲಗೆ ಮೇಲೆದ್ದಿತು. ಎದೆಗೆ ಹೋಯಿತು.

"ಅಯ್ಯೋ... ಎದೆ... ಎಡಗಡೆ..."

ಕುಸಿದರು! ಅಧಿಕಾರಿಗಳು ಮೇಡಂ ಮುಖ ನೋಡಿದರು.

"ಯಾವ ಆಸ್ಪತ್ರೆಗೆ ಕರ್ಕೊಂಡು ಹೋಗೋಣ ಮೇಡಂ?"

"ಇದೇನ್ರೀ ಪ್ರಶ್ನೆ? ಇಷ್ಟು ಒಳ್ಳೆ ಆಸ್ಪತ್ರೆ ಎದುರಿಗೇ ಇದೆ! ಅವರೇ ಹೇಳಿದ್ರಲ್ಲ. ಇಲ್ಲೇ ಸೇರಿಸಿ."

ನನ್ನ ಜನ ಮಂಚ ತಂದರು. ಮಂತ್ರಿಗಳನ್ನು ಎತ್ತಿ ಮಲಗಿಸಿದರು. ಈ ಸಲ ಹೆಗಲ ಮೇಲೆ ಹೊತ್ತರು, ನಾನು ತಡೆಯಲಿಲ್ಲ. ಬಾಗಿಲಲ್ಲಿ ಡೈಲಾಗ್ ಕಾಯುತ್ತಿದ್ದರು. ಕೈಗೆ ಗವಸು. ಕಣ್ಣಲ್ಲಿ ಹಳೇ ಖಳನಾಯಕನ ಹೊಳಪು. ಎಲ್ಲಿ ಸಿಕ್ಕಿತೋ, ಕೈಯಲ್ಲೊಂದು ಉದ್ದನೆಯ ಕತ್ತರಿ!

"ಕೂಡಲೇ ಆಪರೇಷನ್!" ಗುಡುಗಿದರು. "ಅರಿವಳಿಕೆ ಇಲ್ಲ... ಆದರೂ ಅಂಜಿಕೆ ಇಲ್ಲ! ಬಿಚ್ಚಿರಿ ಅಂಗಿ!"

ಮಂತ್ರಿಗಳು ಮಂಚದಿಂದ ಹಾರಿ ನೆಲಕ್ಕೆ ಬಂದರು.

"ನೋವು ಹೋಯ್ತು! ಪೂರ್ತಿ ಹೋಯ್ತು! ನಡೀರಿ, ಎಲ್ಲಿ ನಿಮ್ಮ ಕಾರು?"

ತಾವೇ ಬಾಗಿಲು ತೆಗೆದುಕೊಂಡು ಹತ್ತಿದರು ಸ್ವಾಮಿ. ನನ್ನ ಜನ ಯಾರೂ ಹೇಳಿಕೊಡದೆ ಚಪ್ಪಾಳೆ ತಟ್ಟಿದರು.

ಯಾರು ಏನೇ ಅನ್ನಲಿ... ಆ ಆಸ್ಪತ್ರೆಗೆ ಸೇರಿದವರಲ್ಲಿ ಇಲ್ಲಿಯವರೆಗೆ ಯಾರೂ ಸತ್ತಿಲ್ಲ. ಇದ್ದ ಒಬ್ಬ ರೋಗಿ ಔಷಧಿಯಿಲ್ಲದೆ ಗುಣವಾಗಿ, ತನ್ನ ಕಾಲ ಮೇಲೇ ನಡೆದು ಜೈಲಿಗೆ ಹೋದ!